ಕಿತ್ತಳೆ ದೀಪದ ಸರ್ವರ್ ಅವರಿಗೆ ಮನೆಯವಳ ಅರಿಕೆ

ಮಾನ್ಯ ಸರ್ವರ್ ಅವರೇ,

ಕಚೇರಿಯ ಕಂಪ್ಯೂಟರುಗಳಿಗೆಲ್ಲ ಒಡೆಯರಾಗಿ ನೆಲಮಾಳಿಗೆಯ ತಂಪು ಕೋಣೆಯಲ್ಲಿ, ಬೇಸಿಗೆಯಲ್ಲೂ ಬೆವರದೆ ವಿರಾಜಮಾನರಾಗಿರುವ ತಮಗೆ, ತಮ್ಮ ಆರೈಕೆಗೆಂದೇ ಸಂಬಳ ಪಡೆಯುವ ತಂತ್ರಜ್ಞರ ಹೆಂಡತಿಯಾದ ನಾನು ತಲೆಬಾಗಿ ಮಾಡುವ ವಂದನೆಗಳು. ತಮ್ಮ ಫ್ಯಾನುಗಳು ತಿರುಗುತ್ತಿವೆಯೆಂದೂ ಡಿಸ್ಕುಗಳು ಕ್ಷೇಮವೆಂದೂ ಬಲ್ಲೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಸಿಗುವ ಸುದ್ದಿ ಅದೊಂದೇ.

ತಮ್ಮ ಪುಣ್ಯ ದೊಡ್ಡದು. ತಮಗೆ ಸ್ವಲ್ಪ ಹುಷಾರು ತಪ್ಪಿದರೆ ಹಸಿರು ದೀಪ ಕಿತ್ತಳೆಗೆ ತಿರುಗುತ್ತದೆ, ಪಕ್ಕದ ಪುಟ್ಟ ಪರದೆಯಲ್ಲಿ ಯಾವ ಅಂಗಕ್ಕೆ ಏನಾಗಿದೆಯೆಂಬ ಸಂಕೇತ ಮೂಡುತ್ತದೆ, ಅದೂ ಸಾಲದೆಂದು ತಾವು ಬೀಪ್ ಎನ್ನುತ್ತೀರಿ, ನಮ್ಮವರ ಮೊಬೈಲಿಗೂ ಸುದ್ದಿ ಮುಟ್ಟಿಸುತ್ತೀರಿ. ನಮ್ಮವರು ಕೈಯಲ್ಲಿನ ತುತ್ತು ಬಿಟ್ಟು ಓಡಿಬಂದು, ತಮ್ಮ ಬೆನ್ನಿಗೆ ಅಂಗೈಯಿಟ್ಟು ಬಿಸಿ ನೋಡುತ್ತಾರೆ. ನನಗೆ ಜ್ವರ ಬಂದಾಗ ಥರ್ಮಾಮೀಟರ್ ಎಲ್ಲಿದೆಯೆಂದು ನನ್ನನ್ನೇ ಕೇಳಿದ್ದರು. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ತಮ್ಮನ್ನು ನೋಡಿ ನಾನೂ ಕಲಿಯಲು ಹೊರಟೆ. ಭಾನುವಾರ ಎಷ್ಟು ಕರೆದರೂ ಅವರಿಂದ ಬರೀ ‘ಹೂಂ’ ಬಂದಾಗ, ತಮ್ಮದೇ ಲಯದಲ್ಲಿ ಮಿಕ್ಸಿಯನ್ನು ಉದ್ದಕ್ಕೊಮ್ಮೆ, ಗಿಡ್ಡಕ್ಕೆ ಎರಡು ಸಲ ತಿರುಗಿಸಿದೆ. ಅವರು ತಲೆ ಎತ್ತದೆಯೇ, “ಫ್ಯಾನ್ ಹೋಗಿರ್ಬೇಕು ಕಣೇ, ಬಿಸಿ ಆಗತ್ತೆ, ಮೊದ್ಲು ಆಫ್ ಮಾಡ್ಬಿಡು” ಎಂದರು. “ಆಫ್ ಮಾಡ್ಬೇಕಾಗಿರೋದು ನಿನ್ನನ್ನ ಕಣೋ” ಎಂದ ನಮ್ಮತ್ತೆಗೆ ನೂರು ವರ್ಷ ಆಯಸ್ಸಾಗಲಿ.

ಇನ್ನು ತಮಗೆ ಕರೆಂಟು ಕೊಡುವ ಪೆಟ್ಟಿಗೆಗಳು ಎರಡಂತೆ, ಒಂದು ಕೆಟ್ಟರೆ ಇನ್ನೊಂದೇ ಇಡೀ ಭಾರ ಹೊರುತ್ತದಂತೆ, ಆದರೆ ಕೆಟ್ಟದ್ದನ್ನು ಬೇಗ ಬದಲಿಸದಿದ್ದರೆ ಅಪಾಯವಂತೆ. ಅವರು ಇದನ್ನು ವಿವರಿಸುವಾಗ ನಾನು ರಿಬ್ಬನ್ ಬಾಯಲ್ಲಿ ಕಚ್ಚಿಕೊಂಡು ಮಗಳ ಜಡೆ ಹೆಣೆಯುತ್ತಾ, ಅತ್ತೆಯ ಮಾತ್ರೆಯ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತಿದ್ದೆ.

ಹೋದ ತಿಂಗಳು ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ತಗುಲಿತು. ಯಾವ ದೀಪವೂ ಹತ್ತಲಿಲ್ಲ. ಇಬ್ಬರೂ ಡಾಕ್ಟರ ಬಳಿ ಹೋದೆವು. ನನ್ನ ಸರದಿ ಬರುವ ಹೊತ್ತಿಗೆ ತಾವು ಕಿತ್ತಳೆಯಾದಿರಿ, ಅವರು ಎದ್ದು ಹೋದರು, ನಾನೊಬ್ಬಳೇ ಒಳಗೆ ಹೋದೆ. ಸೂಜಿ ಹಾಕಿ ಪರೀಕ್ಷೆ ಮಾಡಬೇಕಂತೆ. ಸಂಜೆ ಹಾಗೆಂದು ಹೇಳಿದರೆ “ಸರಿ, ಮಾಡಿಸೋಣ” ಎಂದು, ತಮ್ಮ ಯಾವ ಡಿಸ್ಕು ಹೋಗಿತ್ತೆಂದು ಹೇಳತೊಡಗಿದರು. ನನಗೆ ಭಯವಾಗಿದೆ, ಮಾನ್ಯರೇ.

ಆ ಪರೀಕ್ಷೆ ಬರುವ ಶುಕ್ರವಾರ ಬೆಳಿಗ್ಗೆ. ಆದ್ದರಿಂದ ಅಂದು ತಾವು ದಯವಿಟ್ಟು ಹಸಿರಾಗಿಯೇ ಇರಬೇಕು. ಯಾವುದಾದರೂ ಡಿಸ್ಕು ಸಾಯುವುದೇ ಆದರೆ ಗುರುವಾರ ಸಾಯಲಿ. ಅದು ಆಗದಿದ್ದರೆ ಆ ಕಿತ್ತಳೆ ದೀಪವನ್ನು ಅರ್ಧ ದಿನದ ಮಟ್ಟಿಗೆ ನನಗೆ ಕೊಡಿ, ಹಣೆಗೆ ಅಂಟಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂರುತ್ತೇನೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾದ,
ತಮ್ಮ ತಂತ್ರಜ್ಞರ ಮನೆಯವಳು

ಮರೆತ ಮಾತು: ಊಟದ ಡಬ್ಬಿ ಕೊಡಲು ಬಂದ ನೆಪದಲ್ಲಿ ಈ ಪತ್ರವನ್ನು ಸರಿಯಾಗಿ ತಮ್ಮ ದೀಪದ ಮೇಲೆಯೇ ಅಂಟಿಸಿ ಹೋಗುತ್ತಿದ್ದೇನೆ. ತಪ್ಪು ತಿಳಿಯಬೇಡಿ. ಅವರು ದಿನಾ ಕಣ್ಣಿಟ್ಟು ನೋಡುವ ಜಾಗ ಲೋಕದಲ್ಲಿ ಅದೊಂದೇ. ಶುಕ್ರವಾರ, ಒಂಬತ್ತು ಗಂಟೆ, ಆಸ್ಪತ್ರೆಯ ಎರಡನೇ ಮಹಡಿ.