ಇಲಿ ಕಡಿದ ಡಬ್ಬಿ

ಕೆಳಮನೆಯ ಧೂಳಪ್ಪ ಮೊದಲ ಸಲ ಬಾಗಿಲು ತಟ್ಟಿದ ದಿನ ಡಬ್ಬಿಯಮ್ಮ ಆಡಿದ ಮಾತು ಇದು: "ಇಷ್ಟೇನಾ? ಮೂವತ್ತು ವರ್ಷ ಬೇಕರಿಗೆ ರಟ್ಟಿನ ಡಬ್ಬಿ ಮಾಡಿದ ಕೈ ಇದು. ಕೊಟ್ಟು ಹೋಗಿ." ಆಡಿದ ಮಾತನ್ನು ವಾಪಸು ನುಂಗುವಂತಿದ್ದರೆ ಆಕೆ ಈಗಲೂ ನುಂಗಿಯಾಳು.

ಧೂಳಪ್ಪ ಎಂಬುದು ಓಣಿಯವರು ಇಟ್ಟ ಹೆಸರು. ಹಳೆಯ ಕಾಲದ ವ್ಯಾಕ್ಯೂಮ್ ಕ್ಲೀನರ್‌ಗಳೆಂದರೆ ಆತನಿಗೆ ಪ್ರಾಣ. ಅಂದು ತಂದದ್ದು ಅಂಥದ್ದೊಂದರ ಕೊಳವೆ, ಬ್ರಷ್ಷುಗಳನ್ನು ಇಡುವ ರಟ್ಟಿನ ಡಬ್ಬಿ. ಮೂಲೆಗಳೆಲ್ಲ ಬಾಯಿ ಬಿಟ್ಟಿದ್ದವು. ತೀರಿಹೋದ ಹೆಂಡತಿ ದಿನವೂ ತೆಗೆದು ಇಡುತ್ತಿದ್ದ ಡಬ್ಬಿ, ಅವಳು ಬಿಟ್ಟುಹೋದ ಹಾಗೇ ಇರಬೇಕು ಎಂದು ಎರಡು ಸಲ ಹೇಳಿದ. ಡಬ್ಬಿಯಮ್ಮನೂ ಗಂಡನನ್ನು ಕಳೆದುಕೊಂಡವಳು. ಒಂದು ಸಲ ಹೇಳಿದ್ದರೂ ಸಾಕಿತ್ತು.

ಅಕ್ಷರ ಅಷ್ಟಕ್ಕಷ್ಟೇ ಆದರೂ ಆಕೆಯ ಅಳತೆ ಕೂದಲೆಳೆಯಷ್ಟೂ ತಪ್ಪದು. ಐದು ದಿನ ಪಟ್ಟಾಗಿ ಕೂತಳು. ಗೋಂದು ಹಿಡಿಯಲೆಂದು ಡಬ್ಬಿಯ ಮೇಲೆ ಇಸ್ತ್ರಿಪೆಟ್ಟಿಗೆ ಏರಿತು, ಮಿಕ್ಸಿ ಏರಿತು, ಮಗನ ಹೊಲಿಗೆಯಂತ್ರವೂ ಏರಿತು.

"ಅತ್ತೆ, ಇನ್ನು ನಾನು ಹತ್ತಿ ಕೂರೋದೊಂದು ಬಾಕಿ," ಎಂದಳು ಸೊಸೆ.

ಮುಚ್ಚಳದ ಅಂಚಿನಲ್ಲಿ ಮಾತ್ರ ಎದುರುಬದುರಾಗಿ ಎರಡು ಕಚ್ಚು ಕಂಡವು, ಅರ್ಧ ಬಿಲ್ಲೆಯ ಹಾಗೆ. ಇಲಿಯದೇ ಕೆಲಸ ಎಂದು ತೀರ್ಪು ಕೊಟ್ಟಳು. ಬೇಕರಿ ಡಬ್ಬಿಯಲ್ಲಿ ಸೂಜಿಮೊನೆಯಷ್ಟು ಕಂಡಿ ಬಿಟ್ಟರೂ ಇರುವೆ ನುಗ್ಗುತ್ತದೆ. ಅಲ್ಲಿ ಪಳಗಿದ ಕೈ ಸುಮ್ಮನಿದ್ದೀತೇ? ಅಂಚನ್ನೇ ಕತ್ತರಿಸಿ ಕಸಕ್ಕೆ ಹಾಕಿ, ಹೊಸ ರಟ್ಟು ಕೂರಿಸಿ, ಮೇಲೆ ಕಾಗದ ಅಂಟಿಸಿದಳು. ಗಾಳಿಗೂ ಒಳಗೆ ಪ್ರವೇಶವಿಲ್ಲ!

ನಿಜಕ್ಕೂ ಇರಲಿಲ್ಲ. ಧೂಳಪ್ಪ ಬಂದು, ಒಳಗೆ ಬ್ರಷ್ಷು ಇಟ್ಟು ಮುಚ್ಚಿ, ಮತ್ತೆ ಎಳೆದರೆ ಮುಚ್ಚಳ ಮಿಸುಕಲಿಲ್ಲ. ಉಗುರು ಹಾಕಿದ, ಚಮಚ ಹಾಕಿದ. ಕೊನೆಗೆ ಆತ ಮುಚ್ಚಳ ಹಿಡಿದ, ಸೊಸೆ ಡಬ್ಬಿ ಹಿಡಿದಳು, ಸೊಸೆಯ ಸೊಂಟವನ್ನು ಡಬ್ಬಿಯಮ್ಮ ಹಿಡಿದಳು. ಢಬ್ ಎಂದು ಮುಚ್ಚಳ ಕಿತ್ತುಬಂತು. ಬ್ರಷ್ಷು ಕಪಾಟಿನ ಮೇಲೆ, ಮೂವರೂ ನೆಲದ ಮೇಲೆ.

ನಗು ನಿಂತ ಮೇಲೆ ಧೂಳಪ್ಪ ಅಂಚನ್ನು ಸವರಿ ನೋಡಿದ. "ಇಲ್ಲಿ ಎರಡು ಕಚ್ಚು ಇದ್ವಲ್ಲ?"

"ಇಲಿ ಕಡಿದಿತ್ತು. ಗುರುತೇ ಇಲ್ಲದ ಹಾಗೆ ಮಾಡಿದೀನಿ," ಎಂದಳು ಹೆಮ್ಮೆಯಿಂದ.

ಆತ ಮೆಲ್ಲಗೆ ಹೇಳಿದ: ಗಂಟುನೋವಿನಿಂದ ಹೆಂಡತಿಯ ಬೆರಳು ಮಡಚುತ್ತಿರಲಿಲ್ಲವಂತೆ, ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲವಂತೆ. ತನ್ನ ಹೆಬ್ಬೆರಳನ್ನೇ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ಕತ್ತರಿಯಲ್ಲಿ ಅವಳೇ ಕತ್ತರಿಸಿಕೊಂಡದ್ದಂತೆ.

ಬೈದಿದ್ದರೆ ವಾಸಿಯಿತ್ತು. ಕಸದ ಗಾಡಿ ಮುಂಜಾನೆಯೇ ಬಂದುಹೋಗಿತ್ತು. ಡಬ್ಬಿಯ ಉದ್ದ, ಅಗಲ, ಆಳ ಎಲ್ಲವೂ ಡಬ್ಬಿಯಮ್ಮನ ನಾಲಿಗೆಯ ತುದಿಯಲ್ಲಿದ್ದವು. ಆ ಕಚ್ಚುಗಳ ಅಳತೆಯೊಂದನ್ನು ಬಿಟ್ಟು. ಇಲಿ ಕಡಿದದ್ದನ್ನು ಯಾರಾದರೂ ಅಳೆದಿಡುತ್ತಾರೆಯೇ?

ಧೂಳಪ್ಪ ಆಕೆಯ ಕೈ ನೋಡಿದ. ಆ ಹೆಬ್ಬೆರಳೂ ಗಂಟು ಕಟ್ಟಿತ್ತು. ಜೇಬಿನಿಂದ ಪೆನ್ಸಿಲ್ ತೆಗೆದು, ಮುಚ್ಚಳದ ಜೊತೆ ಮುಂದೆ ಹಿಡಿದು ಕೇಳಿದ:

"ಅಕ್ಕಾ, ಆ ಇಲಿ ಈಗಿಲ್ಲ. ನೀವೊಂಚೂರು ಕಡೀತೀರಾ?"