ವಾಸನೆಯಿಲ್ಲದ ಕ್ರೀಮು

ನನ್ನ ಚರ್ಮದ ಬಗ್ಗೆ ಸಲಹೆ ಕೊಡದವರು ಚಿಕ್ಕೋಡಿಯಲ್ಲಿ ಇನ್ನೂ ಹುಟ್ಟಬೇಕು. ಕಾಲೇಜಿಗೆ ಸೇರಿದ ವರ್ಷ ಮುಂಗೈ ಮೇಲೆ, ಮೊಣಕೈ ಮಡಿಕೆಯಲ್ಲಿ ಎಕ್ಸಿಮಾ ಶುರುವಾಯಿತು. ಡಾಕ್ಟರು ಹೇಳಿದ್ದು ಎರಡೇ ಮಾತು: ಸ್ನಾನವಾದ ಕೂಡಲೇ, ಮೈ ಹಸಿ ಇರುವಾಗಲೇ ಸಾದಾ ಕ್ರೀಮು ಹಚ್ಚು, ಘಮಘಮ ಅನ್ನುವ ಯಾವುದನ್ನೂ ಮುಟ್ಟಬೇಡ. ಮೊದಲನೆಯದು ನನ್ನ ಕೈಯಲ್ಲಿತ್ತು. ಎರಡನೆಯದಕ್ಕೆ ಊರೆಲ್ಲ ಒಪ್ಪಬೇಕಿತ್ತು.

ಬಾಚಣಿಗೆ

ಬಸ್ ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಚೀಟಿ ಕೊಟ್ಟೆ. ಅಂಗಡಿಯವರು ಗುಲಾಬಿ ಬಣ್ಣದ ಬಾಟಲಿ ತಂದಿಟ್ಟರು. ಬರೆದದ್ದು ಇದಲ್ಲ ಅಂದೆ, ಮನಸ್ಸಿನಲ್ಲಿ. ಎರಡೂ ಒಂದೇ, ಇದರ ವಾಸನೆ ಚಲೋ, ಮೇಲೆ ಬಾಚಣಿಗೆ ಫ್ರೀ ಅಂದರು. ಹನ್ನೆರಡು ವರ್ಷ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳಿಗೆ ‘ಬೇಡ’ ಅನ್ನುವುದು ಯಾವ ಭಾಷೆಯಲ್ಲೂ ಬಾಯಿಗೆ ಬರಲಿಲ್ಲ. ಹಚ್ಚಿದರೆ ಮೆಣಸಿನಕಾಯಿ ಅರೆದು ಬಳಿದ ಹಾಗೆ ಉರಿಯಿತು. ಮರುದಿನ ಧೈರ್ಯ ಮಾಡಿ, ಕೆಂಪಾದ ಕೈ ಅವರ ಮುಂದೆ ಚಾಚಿದೆ.

ಕನ್ನಡಕ ಏರಿಸಿ ನೋಡಿದರು. “ಉರಿತೈತಿ ಅಂದ್ರ ಕೆಲಸ ಮಾಡಾಕತ್ತೈತಿ ತಂಗಿ. ಬಾಚಣಿಕಿ ಹೆಂಗೈತಿ?”

ಅತ್ತರು

ನಿಪ್ಪಾಣಿಯ ಮೌಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಸಂಕ್ರಾಂತಿಯ ಹಳದಿ-ಕುಂಕುಮ. ಬಂದ ಹೆಂಗಸರಿಗೆಲ್ಲ ಮುಂಗೈ ಮೇಲೆ ಅತ್ತರು ಸವರುವುದು ಪದ್ಧತಿ. ನಾನು ಎರಡೂ ಕೈ ಓಢಣಿಯೊಳಗೆ ಬಚ್ಚಿಟ್ಟೆ. ಮೌಶಿ ಹೊರಗೆಳೆದಳು. ನನಗೆ ಆಗಿಬರುವುದಿಲ್ಲ ಅಂದೆ, ಈ ಸಲ ಬಾಯಿಂದಲೇ. ಸಾಲೆಲ್ಲ ನಿಂತುಬಿಟ್ಟಿತು. ಹೆಂಗಸರು ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ ಚರ್ಚೆ ಮಾಡಿದರು. ಬಂದವಳನ್ನು ಹಾಗೇ ಕಳಿಸುವಂತಿಲ್ಲ; ಹುಡುಗಿಯ ಕೈಯೂ ಉರಿಯಬಾರದು. ಕೊನೆಗೆ ಮೌಶಿಗೇ ಉಪಾಯ ಹೊಳೆಯಿತು.

“ಪಾಪ, ಮುಂಗೈ ಬ್ಯಾಡ ಬಿಡ್ರಿ,” ಎಂದು ನನ್ನ ತೋಳು ಮಡಚಿ, ಮೊಣಕೈ ಮಡಿಕೆಯೊಳಗೆ ಎರಡು ಸಲ ಸವರಿದಳು.

ಎಮ್ಮೆ

ಆ ಗುಲಾಬಿ ಬಾಟಲಿಯನ್ನು ಏಕಸಂಬಿಯ ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದಿದ್ದೆ. ಮೂರು ವರ್ಷ, ಹೋದಾಗಲೆಲ್ಲ ಅಜ್ಜಿಯದು ಒಂದೇ ಹಟ: ವಾಸನೆಯಿಲ್ಲದ್ದು ಎಂಥ ಔಷಧ, ಇದನ್ನ ಹಚ್ಚಿಕೋ. ಉರಿಯುತ್ತದೆ ಅಂದರೆ, ಎಲ್ಲಾ ನಿನ್ನ ನಾಜೂಕು ಅನ್ನುವಳು.

ಒಂದು ರಜೆಯಲ್ಲಿ ನನ್ನ ಸಾದಾ ಕ್ರೀಮು ದಿನಕ್ಕೆರಡು ಬೆರಳಷ್ಟು ಇಳಿಯತೊಡಗಿತು. ಕೈ ಮತ್ತೆ ಬಿರಿಯುತ್ತಿತ್ತು. ಬೇರೆ ಡಬ್ಬಿ ಸಿಗಬೇಕಾದರೆ ನಿಪ್ಪಾಣಿಗೇ ಹೋಗಬೇಕು. ಐದನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕಳ್ಳತನ ಸಿಕ್ಕಿಬಿತ್ತು. ಹಾಲು ಹಿಂಡಿ ಮುಗಿಸಿದ ಅಜ್ಜಿ, ಎಮ್ಮೆಯ ಒಡೆದ ಮೊಲೆಗಳಿಗೆ ನನ್ನ ಕ್ರೀಮು ತಿಕ್ಕುತ್ತಿದ್ದಳು. ಹುಟ್ಟಿದ ಮೇಲೆ ಮೊದಲ ಸಲ ದನಿ ಏರಿಸಿ, ಅದು ನನ್ನದು ಅಂದೆ. ನಾಲ್ಕೇ ದಿನದಲ್ಲಿ ಮಾಯ್ದೈತಿ ನೋಡು ಎಂದು ಎಮ್ಮೆಯನ್ನೇ ಸಾಕ್ಷಿಗೆ ಕರೆದಳು. ನಾನು ಸಿಟ್ಟಿನಿಂದ ಒಳಗೆ ಹೋಗಿ ಗುಲಾಬಿ ಬಾಟಲಿ ತಂದು, ಇದನ್ನ ಹಚ್ಚು ಅಂದೆ.

ಅಜ್ಜಿ ನನ್ನ ಕೈ ದೂರ ಸರಿಸಿದಳು. “ಮೊದಲ ಅದನ್ನ ಹಚ್ಚಿದ್ನಿ ಯವ್ವಾ. ವಾಸನಿದು ಅದಕ್ಕ ಆಗಂಗಿಲ್ಲ, ಉರಿತೈತಿ. ಪಾಪ, ಮೂಕ ಪ್ರಾಣಿ, ಬಾಯಿಲೇ ಹೇಳಾಕ ಬರತೈತೇನು?”

ಬಾಯಿಂದ ನಾನು ಮೂರು ವರ್ಷ ಹೇಳಿದ್ದೆ. ಎಮ್ಮೆ ಒಂದೇ ಸಲ ಒದ್ದಿತ್ತು.