ಅತ್ತೆಯ ಕತ್ತಿನ ಗಂಟು

ನಮ್ಮನೇಲಿ ಕಾಯಿಲೆ ಅನ್ನೋದು ನೆಟ್ಟಗೆ ಬಂದು ನೆಟ್ಟಗೆ ಹೋಗಿದ್ದೇ ಇಲ್ಲ ಕಣ್ರೀ. ಬಂದಾಗಲೆಲ್ಲ ಏನಾದರೊಂದು ರಾದ್ಧಾಂತ ಮಾಡಿಯೇ ಹೋಗೋದು. ನಮ್ಮತ್ತೆಗೆ ಥೈರಾಯ್ಡ್ ಬಂದ ವರ್ಷವಂತೂ ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೇ ಓಡಾಡಿದೆ.

ಸಣ್ಣ ಆಗೋ ಗುಟ್ಟು

ಆಗ ನಾವು ವಿದ್ಯಾರಣ್ಯಪುರಂನಲ್ಲಿದ್ದೆವು. ಅರವತ್ತು ದಾಟಿದ ಅತ್ತೆ ಡಿಸೆಂಬರ್ ಚಳೀಲಿ ಫ್ಯಾನ್ ಹಾಕ್ಕೊಂಡು ಮಲಗೋರು. ನಿನ್ನೆ ಒಗೆದ ಪರದೇನ ಇವತ್ತು ಮತ್ತೆ ಒಗೆಯೋರು. ಒಂದಕ್ಕೆ ಎರಡು ಮುದ್ದೆ ಉಂಡರೂ ದಿನೇ ದಿನೇ ಸಣ್ಣ ಆಗ್ತಿದ್ದರು. ಪಕ್ಕದ ಮನೆಯಾಕೆಗೆ ಹೊಟ್ಟೆಕಿಚ್ಚು. "ಏನ್ರೀ ತಿಂತೀರಾ?" ಅಂತ ಕೇಳಿಕೊಂಡು ಹೋಗಿ ತಾವೂ ಅಷ್ಟೇ ತಿನ್ನೋಕೆ ಶುರು ಮಾಡಿದರು. ಕೈ ನಡುಗಿ ಅತ್ತೆ ಕಾಫಿ ಲೋಟ ಬೀಳಿಸಿದ ದಿನ ನಾವು ಡಾಕ್ಟರ ಹತ್ರ ಓಡಿದೆವು. ಪಕ್ಕದ ಮನೆಯಾಕೆ ದಪ್ಪಗಾಗಿ ರವಿಕೆಗಳ ಹೊಲಿಗೆ ಬಿಚ್ಚಿಸೋಕೆ ಟೈಲರ್ ಹತ್ರ ಓಡಿದರು.

ಕಪ್ಪು ಕಲೆ

ಡಾಕ್ಟರು ಅತ್ತೆಗೆ ಕತ್ತೆತ್ತಿಸಿ, ಒಂದು ಗುಟುಕು ನೀರು ನುಂಗಿಸಿ, ಎರಡು ಬೆರಳಿಂದ ಗಂಟಲು ಮುಟ್ಟಿ ನೋಡಿ, "ಥೈರಾಯ್ಡಲ್ಲಿ ಮೂರ್ನಾಲ್ಕು ಗಂಟಿವೆ. ಅವು ಅತಿಯಾಗಿ ಕೆಲಸ ಮಾಡ್ತಿವೆ" ಅಂದರು. "ಕ್ಯಾನ್ಸರಾ?" ಅಂದರು ನಮ್ಮ ಯಜಮಾನರು, ಆಗಲೇ ಅಳೋ ಮುಖ ಮಾಡಿಕೊಂಡು. "ಇಂಥ ಗಂಟಲ್ಲಿ ಅದಿರಲ್ಲ ಬಿಡಿ. ಒಂದು ಸ್ಕ್ಯಾನ್ ಮಾಡಿಸೋಣ."

ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ತೆಗೆದರು. ಔಷಧಿ ಹೀರಿದ ಗಂಟುಗಳೆಲ್ಲ ಚಿತ್ರದಲ್ಲಿ ದೀಪದ ಹಾಗೆ ಉರೀತಿದ್ದವು. ಕೆಳಗೆ ಮಾತ್ರ ಗುಂಡಗೆ ಒಂದು ಕಪ್ಪು ಕಲೆ. ಡಾಕ್ಟರ ಮುಖ ಸಣ್ಣದಾಯಿತು. "ಇಲ್ಲಿ ಔಷಧಿ ಹಿಡಿದೇ ಇಲ್ಲ. ಹೀಗಿದ್ದರೆ ಕ್ಯಾನ್ಸರ್ ಅನುಮಾನ ಪಡಬೇಕಾಗುತ್ತೆ." ಯಜಮಾನರು ಜೇಬಲ್ಲಿ ಕರ್ಚೀಫು ಹುಡುಕಿದರು.

ಅತ್ತೆ ಚಿತ್ರ ನೋಡಿ, "ಅಯ್ಯೋ ಶಿವನೇ, ಅದು ನನ್ನ ಕರಡಿಗೆ ಅಲ್ವೇನ್ರೀ?" ಅಂದುಬಿಟ್ಟರು. ಸದಾ ಕೊರಳಲ್ಲಿ ಕಟ್ಟಿಕೊಂಡಿರೋ ಇಷ್ಟಲಿಂಗದ ದಪ್ಪ ಬೆಳ್ಳಿ ಕರಡಿಗೆ! ತಲೆ ಹಿಂದಕ್ಕೆ ಮಾಡಿ ಮಲಗಿಸಿದಾಗ ಎದೆಯಿಂದ ಜಾರಿ, ಸೆರಗಿನೊಳಗೇ ಗಂಟಲಿಗೆ ಅಡ್ಡ ಬಂದು ಕೂತಿತ್ತು.

"ಎಲ್ಲ ಬಿಚ್ಚಿ ಅಂದಿದ್ರಲ್ಲಮ್ಮಾ!" ಅಂದರು ಡಾಕ್ಟರು.

"ಒಡವೆ ಬಿಚ್ಚಿ ಅಂದ್ರು, ಬಿಚ್ಚಿದೆ. ಲಿಂಗ ಒಡವೇನಾ?"

ಎರಡನೇ ಸಲ ಅದನ್ನ ಅಂಗೈಯಲ್ಲಿ ಹಿಡಿದು ಮಲಗಿದರು. ಕಪ್ಪು ಕಲೆ ಮಾಯ. "ಕ್ಯಾನ್ಸರ್ ಚಿಂತೆ ಬಿಟ್ಟುಬಿಡಿ" ಅಂತ ಡಾಕ್ಟರು ನನ್ನೆದುರೇ ಮೇಜು ಕುಟ್ಟಿ ಹೇಳಿದರು.

ರಿಪೋರ್ಟು ಬಂತು

ಗಂಟು ಶ್ವಾಸನಾಳ ಒತ್ತುತ್ತಿತ್ತು ಅಂತ ಆಪರೇಷನ್ ಮಾಡಿ ಥೈರಾಯ್ಡ್ ಪೂರ್ತಿ ತೆಗೆದರು. ಎಂಟು ಹತ್ತು ದಿನ ಆದ ಮೇಲೆ ಡಾಕ್ಟರು ತೆಗೆದ ಗಂಟುಗಳ ಪರೀಕ್ಷೆಯ ರಿಪೋರ್ಟು ಹಿಡಿದು ವಾರ್ಡಿಗೆ ಬಂದರು. ಮುಖದಲ್ಲಿ ರಕ್ತ ಇರಲಿಲ್ಲ.

"ಒಂದು ಗಂಟಲ್ಲಿ ಸಣ್ಣ ಕ್ಯಾನ್ಸರ್ ಇತ್ತು. ಹೀಗಾಗೋದು ಅಪರೂಪ. ನಾನಂತೂ ಇರಲ್ಲ ಅಂತಲೇ..." ಅಂತ ತೊದಲಿ, ಹಾಸಿಗೆ ಮೇಲೇ ಕೂತುಬಿಟ್ಟರು. ಯಜಮಾನರು ಅಳೋಕೆ ಶುರು ಮಾಡಿದರು.

ಅತ್ತೆ ಆಪರೇಷನ್ನಿಂದ ಒಡೆದ ದನಿಯಲ್ಲಿ ಕೇಳಿದರು: "ಇನ್ನೂ ಒಳಗಿದೆಯಾ?"

"ಇಲ್ಲಮ್ಮ. ಪೂರ್ತಿ ಬಂದಿದೆ. ಬೇರೆಲ್ಲೂ ಹರಡಿಲ್ಲ."

"ಮತ್ತೆ ಸತ್ತೋರ ಮನೇಲಿ ಕೂತಂಗೆ ಯಾಕ್ರಪ್ಪಾ ಕೂತಿದ್ದೀರಾ!" ಅಂತ ನಮ್ಮಿಬ್ಬರನ್ನೂ ಗದರಿ, ಡಾಕ್ಟರ ಕಡೆ ತಿರುಗಿದರು. ಅವರ ಕೈ ನಡುಗುತ್ತಿತ್ತು, ಹಣೆ ತುಂಬಾ ಬೆವರು. ಅತ್ತೆಗೆ ಪಾಪ ಅನ್ನಿಸಿರಬೇಕು. ನೀರಿನ ಲೋಟ ಅವರ ಕೈಗಿಟ್ಟು, ಎರಡು ಬೆರಳಿಂದ ಅವರ ಗಂಟಲು ಮುಟ್ಟಿ ಹೇಳಿದರು: "ಎಲ್ಲಿ, ಕತ್ತೆತ್ತಿ ಒಂದು ಗುಟುಕು ನುಂಗಿ, ನೋಡೋಣ. ನಿಮಗೂ ಥೈರಾಯ್ಡ್ ಇರೋ ಹಂಗಿದೆ!"

ಡಾಕ್ಟರು ಕತ್ತೆತ್ತಿ ನುಂಗಿದರು.